ಸುಮ್ಮನಿದ್ದ ಸಾಕ್ಷಿ

"ಹೋದ ವಾರ ನಾನು ಕೊಟ್ಟ ರಿಪೋರ್ಟು ತಪ್ಪು," ಎಂದು ಲ್ಯಾಬ್ ಡಾಕ್ಟರು ಹೇಳಿ ಮುಗಿಸುವ ಮೊದಲೇ ಗಂಡ ಬಾಯಿ ತೆರೆದಿದ್ದ. ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಸಾರುವುದು ಅವನ ಕೆಲಸ. ಹೆದರಿದರೆ ಎಲ್ಲಿದ್ದರೂ ಅದೇ ಗಂಟಲು. "ತಪ್ಪು ಅಂದ್ರೆ ಯಾವ ಕಡೆಗೆ ತಪ್ಪು ಡಾಕ್ಟ್ರೇ? ಇನ್ನೂ ಕೆಟ್ಟದ್ದಾ? ಇದಕ್ಕಿಂತ ಕೆಟ್ಟದ್ದು ಏನಿರುತ್ತೆ?"

"ರೀ, ಅವರಿಗೂ ಒಂಚೂರು ಜಾಗ ಬಿಡಿ," ಎಂದಳು ಅವಳು.

ಅವಳು ಅದೇ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಗಂಟುಮೂಟೆ ತೂಗುವವಳು. ತೊಡೆಯ ಕ್ಯಾನ್ಸರ್ ಗಡ್ಡೆಗೆ ಕೊಟ್ಟ ಔಷಧವೆಲ್ಲ ಕೈಕೊಟ್ಟ ಮೇಲೆ ಉಳಿದಿದ್ದು ಒಂದೇ ಒಂದು ಹೊಸ ಚಿಕಿತ್ಸೆ. ಅದೂ ಎಲ್ಲರಿಗಲ್ಲ, ಯಾರ ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಪ್ರೊಟೀನು ಇದೆಯೋ ಅವರಿಗೆ ಮಾತ್ರ. ಅವಳದರಲ್ಲಿ ಇಲ್ಲ ಎಂದು ಬಂದಿತ್ತು. ಆವತ್ತಿನಿಂದ ಗಂಡ ಮಾತು ನಿಲ್ಲಿಸಿಲ್ಲ. ಗ್ಯಾಸಿನ ಒಲೆ, ಓರಗಿತ್ತಿಯ ಬೆಕ್ಕು, ಮೋಡ, ಚಪ್ಪಲಿ, ಕಂಡದ್ದರ ಮೇಲೆಲ್ಲ ಮಾತು. ಸುಮ್ಮನಾದರೆ ಒಳಗಿನದು ಕೇಳಿಸಿಬಿಟ್ಟೀತು ಎಂಬಂತೆ.

ಡಾಕ್ಟರು ಗಾಜಿನ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದರು. ದಿನವಿಡೀ ಜನರ ತುಂಡುಗಳನ್ನೇ ನೋಡುವ ಆಕೆಗೆ ಇಡಿಯಾದ ಮನುಷ್ಯರು ಎದುರು ಕೂತದ್ದೇ ಮುಜುಗರವಾದಂತಿತ್ತು. "ಈ ದೊಡ್ಡ ತುಂಡು ನಿಮ್ಮ ಗಡ್ಡೇದು. ಪಕ್ಕದ ಸಣ್ಣದು ಬೇರೆಯವರದ್ದು. ಅದರಲ್ಲಿ ಆ ಪ್ರೊಟೀನು ಖಂಡಿತ ಇರುತ್ತೆ, ಹಾಗಾಗಿ ಅದು ಕಂದು ಬಣ್ಣಕ್ಕೆ ತಿರುಗಲೇಬೇಕು. ತಿರುಗಿದ್ರೆ ಮಾತ್ರ ಪರೀಕ್ಷೆ ಸರಿಯಾಗಿದೆ ಅಂತ. ನಾನು ನಿಮ್ಮದಕ್ಕೆ ಬಣ್ಣ ಹಿಡಿದಿಲ್ಲ ಅಂತ ಬರೆದುಬಿಟ್ಟೆ, ಸಣ್ಣದನ್ನ ನೋಡಲೇ ಇಲ್ಲ. ನಿನ್ನೆ ನೋಡ್ತೀನಿ, ಅದಕ್ಕೂ ಹಿಡಿದಿಲ್ಲ."

"ಅಂದ್ರೆ ಮೈಕೇ ಸತ್ತಿತ್ತು!" ಎಂದ ಗಂಡ.

"ಹಾಗೇ ಅನ್ನಿ. ಬಣ್ಣ ಹಿಡಿಸೋ ದ್ರಾವಣ ಕೆಟ್ಟಿತ್ತು. ಹೊಸದು ಹಾಕಿ ನೋಡಿದ್ವಿ." ಆಕೆ ಇನ್ನೊಂದು ಪಟ್ಟಿ ಎತ್ತಿದರು. ದೊಡ್ಡದು, ಸಣ್ಣದು ಎರಡೂ ಕಂದಾಗಿದ್ದವು. "ಪ್ರೊಟೀನು ಇದೆ, ಧಾರಾಳವಾಗಿದೆ. ಉಳಿದ ಪರೀಕ್ಷೆಗಳಲ್ಲಿ ನೀವು ಆಗಲೇ ಪಾಸು. ಇನ್ನು ಚಿಕಿತ್ಸೆ ಶುರು ಮಾಡಬಹುದು."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಬಿಟ್ಟ ಉಸಿರು ಎಷ್ಟು ದಿನದ್ದೋ. ಆಮೇಲೆ, ಪಾರ್ಸೆಲ್ ಯಾರ ಹೆಸರಿನಲ್ಲಿದೆ ಎಂದು ಕೇಳುವ ಧಾಟಿಯಲ್ಲೇ ಕೇಳಿದಳು: "ಆ ಸಣ್ಣ ತುಂಡು ಯಾರದು?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಯಾರೋ ಗಂಡಸಿನದು, ಆಪರೇಷನ್ನಿನಲ್ಲಿ ತೆಗೆದದ್ದು. ವೃಷಣದ ತುಂಡು. ಆರೋಗ್ಯವಾಗಿರೋ ಮೈಯಲ್ಲಿ ಈ ಪ್ರೊಟೀನು ತಯಾರಾಗೋದು ಹೆಚ್ಚುಕಮ್ಮಿ ಅಲ್ಲಿ ಮಾತ್ರ. ಬೇರೆ ಕಡೆ ಅದರ ಜೀನು ಮಲಗಿರುತ್ತೆ, ಹೆಂಗಸರಲ್ಲೂ ಅಷ್ಟೇ. ಗಡ್ಡೆ ಅದನ್ನ ಎಬ್ಬಿಸಿ, ತಾನು ಬೆಳೆಯೋದಕ್ಕೆ ದುಡಿಸಿಕೊಳ್ಳುತ್ತೆ. ಆದ್ರೆ ಕಳ್ಳ ಅದರಿಂದಲೇ ಸಿಕ್ಕಿಬೀಳ್ತಾನೆ. ನಿಮ್ಮದೇ ರಕ್ತದ ಕಣಗಳನ್ನ ತೆಗೆದು, ಈ ಗುರುತು ಕಂಡಲ್ಲಿ ಹೊಡೀರಿ ಅಂತ ಪಳಗಿಸಿ, ವಾಪಸ್ ಬಿಡ್ತೀವಿ."

ಗಂಡ ಕುರ್ಚಿಯನ್ನು ಒಂದಿಷ್ಟು ಹಿಂದೆ ಸರಿಸಿದ. ಕಾಲ ಮೇಲೆ ಕಾಲು ಹಾಕಿದ. "ಆ ಕಣಗಳು... ಇವಳ ಮೈ ಬಿಟ್ಟು ಹೊರಗೆ ಬರಲ್ಲ ತಾನೇ?"

"ಬರಲ್ಲ. ನೀವು ಕಾಲು ಬಿಟ್ಕೊಂಡು ಆರಾಮಾಗಿ ಕೂತ್ಕೊಳ್ಳಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನೋಡಿದ್ರೇನ್ರೀ? ಗುರುತುಪರಿಚಯ ಇಲ್ಲದ ಗಂಡಸೊಬ್ಬ ಬಾಯಿ ಮುಚ್ಕೊಂಡು ಕೂತಿದ್ದಕ್ಕೆ ನಾನು ಬಚಾವಾದೆ. ನೋಡಿ ಕಲೀರಿ."

"ಕಲಿತೆ ಬಿಡೇ," ಎಂದ ಅವನು. ಅಷ್ಟೇ. ನಿಲ್ದಾಣದವರೆಗೂ ಮತ್ತೊಂದು ಮಾತಿಲ್ಲ.

ಅವನಿಗೆ ಮಧ್ಯಾಹ್ನದ ಪಾಳಿ. ಅವಳು ಮನೆಗೆ ಹೋಗುವ ಗಾಡಿಗಾಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಳು. ನೆತ್ತಿಯ ಮೇಲಿನ ಸ್ಪೀಕರು ಗೊರಗುಟ್ಟಿ ಎದ್ದಿತು. "ಪ್ರಯಾಣಿಕರ ಗಮನಕ್ಕೆ," ಎಂದಿತು ಗಂಡನ ದನಿ. ಆಮೇಲೆ ಏನೂ ಇಲ್ಲ. ಜನ ತಲೆ ಎತ್ತಿ ಕಾದರು. ಗಾಡಿ ತಾನೇ ಬಂದು ನಿಂತರೂ ಸ್ಪೀಕರು ಬಾಯಿ ಬಿಡಲಿಲ್ಲ.

"ಥತ್, ಮೈಕ್ ಕೆಟ್ಟೋಯ್ತು," ಎಂದು ಪಕ್ಕದಲ್ಲಿದ್ದವನು ಪೆಟ್ಟಿಗೆ ಎತ್ತಿಕೊಂಡ.

"ಇಲ್ಲ," ಎಂದಳು ಅವಳು, ಸ್ಪೀಕರಿನಿಂದ ಕಣ್ಣು ತೆಗೆಯದೆ. "ಮೈಕ್ ಸರಿಯಾಗೇ ಇದೆ."