ಬೋರ್ಡಿನ ಡಾಕ್ಟರು

ಅಮ್ಮ ಬೆಳಗಿನಿಂದಲೂ ಏದುಸಿರು ಬಿಡುತ್ತಿದ್ದಳು. ನರ್ಸಿಂಗ್ ಹೋಮಿನ ಕೌಂಟರಿಗೆ ಮಗಳು ಬಂದದ್ದು ಇದು ಎಷ್ಟನೆಯ ಸಲವೋ.

"ನಮ್ಮ ಡಾಕ್ಟ್ರು ಬರ್ಕೊಡ್ದೆ ಇಂಜೆಕ್ಷನ್ ಕೊಡೋ ಹಾಗಿಲ್ಲ ಮೇಡಂ. ರೌಂಡ್ಸಿಗೆ ಹೋಗಿದ್ದಾರೆ," ಎಂದಳು ನರ್ಸ್, ಮತ್ತದೇ ರಾಗದಲ್ಲಿ.

"ಯಾವ ಲೋಕದಲ್ಲಮ್ಮ ರೌಂಡ್ಸು? ಒಂದೊಂದು ವಾರ್ಡೂ ನೋಡ್ಕೊಂಡು ಬಂದೆ!" ಅವಳು ಗೋಡೆಯ ಮೇಲಿನ ಬೋರ್ಡನ್ನು ಬೆರಳಿನಿಂದ ಕುಟ್ಟಿದಳು. "ಪೂರ್ಣಾವಧಿ ವೈದ್ಯರು ಅಂತ ಹೆಸರು ಬರೆಸಿದ್ದೀರಲ್ಲ, ಈ ಪುಣ್ಯಾತ್ಮನ ಮುಖ ನೀನಾದ್ರೂ ನೋಡಿದ್ದೀಯಾ?"

ನರ್ಸ್ ತಲೆ ತಗ್ಗಿಸಿದಳು. "ನಾನು ಸೇರಿದ್ಮೇಲೆ ಬಂದಿಲ್ಲ ಮೇಡಂ. ಹೆಸರು ಮಾತ್ರ ಅವ್ರದ್ದು."

"ಹೆಸರು ಬಾಡಿಗೆಗೆ ಕೊಟ್ಟು ಆರಾಮಾಗಿದ್ದಾನೆ ಅನ್ನು! ಅವ್ನಿಗೂ ಒಬ್ಬ ತಾಯಿ ಇರ್ಬೇಕಲ್ಲ?"

ಅಷ್ಟರಲ್ಲಿ ಮಗಳ ಫೋನು ಬಡಿದುಕೊಂಡಿತು. ಊರಿನ ಆ ತುದಿಯ ಇನ್ನೊಂದು ನರ್ಸಿಂಗ್ ಹೋಮಿನ ಮ್ಯಾನೇಜರ್.

"ಡಾಕ್ಟ್ರೇ, ಇಲ್ಲಿ ಪೇಷೆಂಟ್ ಕಡೆಯೋರು ಕೂಗಾಡ್ತಿದ್ದಾರೆ. ಬೋರ್ಡಲ್ಲಿರೋ ಲೇಡಿ ಡಾಕ್ಟ್ರನ್ನ ಈಗ್ಲೇ ಕರೀರಿ ಅಂತಾರೆ. ಏನ್ ಹೇಳ್ಲಿ?"

ಅವಳು ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದಳು.

"ರೌಂಡ್ಸಿಗೆ ಹೋಗಿದ್ದಾರೆ ಅನ್ನಿ."