ನಾಲ್ಕನೇ ಪೆಟ್ಟಿಗೆಯ ಸಪ್ಪಳ

ಆ ವಾರ್ಡಿನಲ್ಲಿ ಪ್ರತಿ ಹಸುಗೂಸಿನ ತಲೆಗೂ ಒಂದು ತೆಳು ಟೋಪಿ ಇತ್ತು. ಮಿದುಳಿನೊಳಗೆ ನಡೆಯುವುದೆಲ್ಲ ಪಕ್ಕದ ಸಣ್ಣ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಹೆಚ್ಚಿನ ಮಕ್ಕಳದು ನೀರಿನ ಗುಳುಗುಳು. ಸಿಸ್ಟರ್ ಶಹನಾಜ್ ಅದನ್ನು ಕೇಳುತ್ತಲೇ ಹಾಲು ಅಳೆಯುತ್ತಿದ್ದರು, ಚಾರ್ಟ್ ತುಂಬುತ್ತಿದ್ದರು.

ನಾಲ್ಕನೇ ಗಾಜಿನ ಪೆಟ್ಟಿಗೆ ಮಾತ್ರ ಮೂರು ದಿನದಿಂದ ಸುಮ್ಮನಿತ್ತು. ಹುಟ್ಟುವಾಗ ಅಳದ ಮಗು. ಸಂಜೆಯವರೆಗೆ ನೋಡೋಣ ಎಂದು ಡಾಕ್ಟರು ಹೇಳಿ ಹೋಗಿದ್ದರು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ತಾಯಿ ನೀಲವ್ವ ಪಕ್ಕದಲ್ಲೇ ಕುಳಿತಿದ್ದಳು.

ಮಧ್ಯಾಹ್ನ ಆ ಸ್ಪೀಕರು ಪಟ್ ಪಟ್ ಎನ್ನತೊಡಗಿತು. ವೈರು ಸಡಿಲಾಗಿರಬೇಕೆಂದು ಶಹನಾಜ್ ಕೈ ಚಾಚಿದರು.

“ಮುಟ್ಟಬ್ಯಾಡ್ರಿ, ಸಿಸ್ಟರ್,” ಎಂದಳು ನೀಲವ್ವ. ಅವಳ ಅಂಗೈ ತೊಡೆಯ ಮೇಲೆ ಅದೇ ತಾಳಕ್ಕೆ ಬಡಿಯುತ್ತಿತ್ತು. “ಇದು ನನ್ನ ಕೈ ಸಪ್ಪಳ. ಹೆರಿಗಿ ಆದ ದಿನಾನೂ ಅರವತ್ತು ರೊಟ್ಟಿ ಬಡದೀನಿ, ಹೊಟ್ಟ್ಯಾಗಿದ್ದ ಕೂಸು ಕೇಳೇತಿ.”

ಅಷ್ಟರಲ್ಲಿ ಸದ್ದು ನಿಂತಿತು. ಶಹನಾಜ್ ಗಾಬರಿಯಿಂದ ಮಾನಿಟರಿನ ಪರದೆ ನೋಡಿದರು.

“ತಡೀರಿ,” ಎಂದಳು ನೀಲವ್ವ. “ಈಗ ಹಂಚಿಗೆ ಹಾಕೇನಿ. ಬೇಯ್ಲಿ.”

ಇಬ್ಬರೂ ಕಾದರು. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಕಳೆಯಿತು. ಆಮೇಲೆ ನಾಲ್ಕನೇ ಪೆಟ್ಟಿಗೆಯಲ್ಲಿ ಎರಡನೇ ರೊಟ್ಟಿ ಶುರುವಾಯಿತು.