ಗೇಟಿನ ಮುಂದಿನ ಗುಡ್ಡೆ

"ಎರಡು ಸಲ ಡಿಲೀಟ್ ಆಗಿದೆ ಮೇಡಂ," ಎಂದ ಮೊಬೈಲ್ ರಿಪೇರಿ ಅಂಗಡಿಯ ಇನಾಯತ್ ಉಲ್ಲಾ, ಟ್ಯಾಬಿನಿಂದ ಕಣ್ಣು ಕೀಳದೆ. "ಒಂದ್ಸಲ ಗ್ಯಾಲರಿಯಿಂದ, ಇನ್ನೊಂದ್ಸಲ ಟ್ರ್ಯಾಶ್‌ನಿಂದ. ಸುಮ್ನೆ ಕೈ ತಾಗಿದ್ರೆ ಹಿಂಗೆ ಹೋಗಲ್ಲ."

ಸುಕನ್ಯ ಪಕ್ಕದ ಸ್ಟೂಲಿನಲ್ಲಿದ್ದ ಅತ್ತೆಯನ್ನು ನೋಡಿದಳು. ಅಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಶಿವಾಜಿನಗರದ ಜನಜಂಗುಳಿಯ ಕಡೆ ಮುಖ ಮಾಡಿದ್ದರು. ಬೆಳಿಗ್ಗೆ ಸೀರಿಯಲ್ ಹಾಕಿಕೊಳ್ಳಲು ಹೋಗಿ ಏನೋ ಒತ್ತಿಬಿಟ್ಟೆ ಎಂದಿದ್ದರು. ಇರಲಿ, ವಯಸ್ಸಾದವರ ಬೆರಳು. ಸುಕನ್ಯಳಿಗೆ ಬೇಕಾಗಿದ್ದದ್ದು ಫೋಟೊ ಮಾತ್ರ. ಅದನ್ನು ಬಾಡಿಗೆ ಕೋಣೆಯ ಸಾಬಮ್ಮನ ಮುಖಕ್ಕೆ ಹಿಡಿದು, ಸಂಜೆಯೊಳಗೆ ಅವಳನ್ನು ಸಾಮಾನು ಸಮೇತ ಆಚೆ ಕಳಿಸಬೇಕಿತ್ತು.

ಮಹದೇವಪುರದ ಅವರ ಮನೆಯ ಗೇಟಿನ ಮುಂದೆ, ಲೈಟು ಕಂಬದ ಬುಡದಲ್ಲಿ, ಬೆಳಗಾದರೆ ಕಸದ ಗುಡ್ಡೆ. ಹಳಸಿದ ಅನ್ನ, ಮೀನಿನ ಮುಳ್ಳು, ಕೊಳೆತ ಹಲಸಿನ ಸಿಪ್ಪೆ, ಅದರ ಮೇಲೆ ಯಾರದೋ ಕೂದಲ ಉಂಡೆ. ಕಸದ ಆಟೊಗೆಂದು ರಾತ್ರಿ ಗೇಟಿನಾಚೆ ಇಟ್ಟ ಅವಳದೇ ಬಕೆಟ್ಟೂ ಅಲ್ಲೇ ಬರಿದಾಗಿ ಬಿದ್ದಿರುತ್ತಿತ್ತು. ಆ ಜಾಗದಲ್ಲಿ ರಂಗೋಲಿ ಬಿಟ್ಟು ನೋಡಿದಳು. ಕಾಂಪೌಂಡಿಗೆ ದೇವರ ಟೈಲ್ಸ್ ಅಂಟಿಸಿ ನೋಡಿದಳು. ಮರುದಿನ ಲಕ್ಷ್ಮಿಯ ಪಾದದವರೆಗೂ ಸಾಂಬಾರಿನ ಹೋಳು ಮೆತ್ತಿಕೊಂಡಿತ್ತು.

ಬೇರೆ ಯಾರಾದರೂ ಆಗಿದ್ದರೆ ಕವರಿನಲ್ಲಿ ಕಟ್ಟಿ ಎಸೆದು ಓಡುತ್ತಿದ್ದರು. ಇಲ್ಲಿ ಹಾಗಲ್ಲ. ಕಸವನ್ನು ಸುರಿದು, ಗುಂಡಗೆ ಒಟ್ಟಿ, ಮೇಲೊಂದಿಷ್ಟು ಮಣ್ಣು ಎರಚಿ, ಬರಿಗೈಯಲ್ಲಿ ತಟ್ಟಿದ್ದರು. ಬೆರಳಿನ ಗುರುತು ಕಾಣುತ್ತಿತ್ತು. ಇವರೇನು ಮನುಷ್ಯರೋ ಏನೋ ಎಂದು ಅವಳಿಗೆ ಅಸಹ್ಯವಾಗುತ್ತಿತ್ತು.

ಮಾವ ಮುನಿನಾರಾಯಣಪ್ಪನವರ ಮುಂದೆ ಅವಳಿಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಊರು ಹಳ್ಳಿಯಾಗಿದ್ದ ಕಾಲದಿಂದಲೂ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಸ್ನಾನಕ್ಕೂ ಮೊದಲೇ ತೊಳೆದ ಕಾಲು ನೀಡಿಕೊಂಡು ಜಗುಲಿಯಲ್ಲಿ ಕುಳಿತು ಗುಡ್ಡೆಯನ್ನೇ ನೋಡುತ್ತಿದ್ದರು. "ಚೆನ್ನಾಗ್ ಕೊಳೀತೈತೆ," ಎಂದರು ಒಂದು ದಿನ. ಮನೆ ನಡೆಸುವ ಸೊಸೆಗೆ ಇದಕ್ಕಿಂತ ಚುಚ್ಚುಮಾತು ಬೇಕೆ? ಅಂದು ಅವಳಿಗೆ ಅನ್ನ ಸೇರಲಿಲ್ಲ.

ಕಳ್ಳರನ್ನು ಹುಡುಕಿಕೊಂಡು ದೂರ ಹೋಗುವ ಅಗತ್ಯ ಅವಳಿಗೆ ಕಾಣಲಿಲ್ಲ. ಹಿಂದೆ ದನದ ಕೊಟ್ಟಿಗೆಯಿದ್ದ ಕಡೆ ಈಗ ಬಾಡಿಗೆಯ ಕೋಣೆಗಳಿದ್ದವು. ಅದರೊಂದರಲ್ಲಿ ರಾಯಚೂರು ಕಡೆಯ ಹುಸೇನಪ್ಪ, ಅವನ ಹೆಂಡತಿ ಸಾಬಮ್ಮ. ಕಟ್ಟಡದ ಕೆಲಸದವರು. ನಸುಕಿಗೇ ಎದ್ದು ನಲ್ಲಿಯ ಬಳಿ ಓಡಾಡುವವಳು ಇಡೀ ವಠಾರದಲ್ಲಿ ಸಾಬಮ್ಮ ಒಬ್ಬಳೇ. ಗೇಟಿನವರೆಗೂ ನೀರು ಚೆಲ್ಲಿರುತ್ತೀಯ, ನೀರೇನು ನಿಮ್ಮಪ್ಪನ ಮನೇದಾ ಎಂದು ಸುಕನ್ಯ ಅವಳಿಗೆ ಬೈದದ್ದಿತ್ತು. ಅದರ ಸೇಡು ಇದು, ಇನ್ನೇನು.

ಅದಕ್ಕೇ ನಿನ್ನೆ ರಾತ್ರಿ ಮಗಳ ಟ್ಯಾಬನ್ನು ಮಹಡಿಯ ಕಿಟಕಿಗೆ ಆನಿಸಿಟ್ಟಿದ್ದಳು. ಎದುರಿಗೆ ಏನಾದರೂ ಅಲುಗಾಡಿದರೆ ತಾನಾಗಿಯೇ ಫೋಟೊ ತೆಗೆಯುವ ಆಪ್ ಅದರಲ್ಲಿತ್ತು. ಬೆಳಿಗ್ಗೆ ನೋಡಿದರೆ ಗುಡ್ಡೆ ಇತ್ತು, ಫೋಟೊ ಇರಲಿಲ್ಲ. ಸಿಟ್ಟು ತಡೆಯದೆ ಸೀದಾ ಹೋಗಿ ಕೋಣೆ ಖಾಲಿ ಮಾಡಿ ಎಂದಳು. ಹುಸೇನಪ್ಪ ಕೈಮುಗಿದು, ಕಣ್ಣಾರೆ ಕಂಡವರಿದ್ದರೆ ತೋರಿಸಿ, ಈಗಲೇ ಹೋಗುತ್ತೇವೆ ಎಂದ.

"ನಾವಲ್ರೀ ಅಕ್ಕಾರೆ," ಎಂದಳು ಸಾಬಮ್ಮ.

ಮತ್ತೆ ಯಾರು, ನಸುಕಿಗೇ ಎದ್ದಿರುವವಳು ನೋಡಿರಲೇಬೇಕಲ್ಲ ಎಂದು ಸುಕನ್ಯ ಪಟ್ಟು ಹಿಡಿದಳು. ಸಾಬಮ್ಮ ಅವಳ ಹೆಗಲಾಚೆ ಜಗುಲಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಕತ್ತಲ್ದಾಗ ಯಾರ ಮಾರಿ ಕಾಣ್ತಾವ್ರೀ."

ಕಳ್ಳ ಮುಖ ಎಂದರೆ ಇದೇ ಎಂದುಕೊಂಡಳು ಸುಕನ್ಯ. ಅಳಿಸಿಹೋದ ಫೋಟೊ ತೆಗೆಸಲು ಹೊರಟರೆ, ಮನೆ ಬಿಟ್ಟು ಕದಲದ ಅತ್ತೆ ನಾನೂ ಬರುತ್ತೇನೆಂದು ಆಟೊ ಹತ್ತಿದ್ದರು. ದಾರಿಯುದ್ದಕ್ಕೂ ಒಂದೇ ರಾಗ: "ಹೋಗ್ಲಿ ಬಿಡಮ್ಮ, ಫೋಟೊ ಯಾಕೆ? ಅವ್ರನ್ನ ಖಾಲಿ ಮಾಡ್ಸು, ಅಷ್ಟು ಸಾಕು."

ಕೊನೆಗೂ ಫೋಟೊಗಳು ಒಂದೊಂದಾಗಿ ತೆರೆದುಕೊಂಡವು. ಮೊದಲು ಖಾಲಿ ಬೀದಿ, ಒಂದು ನಾಯಿ. ಆಮೇಲೆ ಕಂಬದ ಬೆಳಕಿನಲ್ಲಿ ಬೆನ್ನು ಮಾಡಿದ ಒಬ್ಬ ಗಂಡಸು, ತಲೆಯ ಮೇಲೆ ಮಂಕರಿ.

"ನೋಡಿದ್ರಾ ಅತ್ತೆ? ಹುಸೇನಪ್ಪನೇ."

ಗೆದ್ದೆನೆಂಬ ಖುಷಿಗಿಂತ ಅವಳಿಗೆ ಹೇಸಿಗೆಯೇ ಹೆಚ್ಚಾಯಿತು. ಮುಂದಿನದರಲ್ಲಿ ಆ ಮನುಷ್ಯ ಪಕ್ಕದ ಮನೆಯ ಬಕೆಟ್ಟನ್ನೂ ಮಂಕರಿಗೆ ಬಗ್ಗಿಸುತ್ತಿದ್ದ. ಅದರ ಮುಂದಿನದರಲ್ಲಿ ಮಂಡಿಯೂರಿ, ಮೊಣಕೈವರೆಗೂ ಕೊಳಕು ಮಾಡಿಕೊಂಡು, ಗುಡ್ಡೆಯನ್ನು ಮುದ್ದಿನಿಂದ ತಟ್ಟುತ್ತಿದ್ದ. ಸಾಕು, ಅಲ್ಲಿಗೇ ನಿಲ್ಲಿಸಪ್ಪ ಎಂದರು ಅಣ್ಣಮ್ಮ. ಇನಾಯತ್‌ನ ಬೆರಳು ಆಗಲೇ ಇನ್ನೊಂದನ್ನು ಸರಿಸಿತ್ತು.

ಆ ಮನುಷ್ಯ ಬೆಳಕಿಗೆ ಮುಖ ತಿರುಗಿಸಿದ್ದ. ಮುನಿನಾರಾಯಣಪ್ಪ. ಪಕ್ಕದಲ್ಲಿದ್ದದ್ದು ಮೆಟ್ಟಿಲಡಿಯಲ್ಲಿ ಧೂಳು ತಿನ್ನುತ್ತಿದೆ ಎಂದು ಸುಕನ್ಯ ನಂಬಿದ್ದ ಹಳೆಯ ಮಂಕರಿ.

"ಅಲ್ಲೇ ನಮ್ಮ ತಿಪ್ಪೆ ಇತ್ತು," ಎಂದರು ಅಣ್ಣಮ್ಮ, ಸೆರಗು ತೆಗೆಯದೆ. "ದನ ಮಾರಿದ್ದು ಅವ್ರಿಗೆ ಮರ್ತೋಗೈತೆ. ಬೆಳಿಗ್ಗೆ ಎದ್ದ ಮೇಲೆ ರಾತ್ರಿ ತಾವು ಮಾಡಿದ್ದೂ ನೆನಪಿರಲ್ಲ. ಮನೆ ಮಾನ ಹೋಗ್ತದಲ್ಲಮ್ಮ."

"ಅದಕ್ಕೆ ಸಾಬಮ್ಮನ್ನ ಆಚೆ ಹಾಕ್ಸೋಕೂ ಒಪ್ಕೊಂಡ್ರಾ?"

ಅಣ್ಣಮ್ಮ ಮತ್ತೆ ಜನಜಂಗುಳಿಯ ಕಡೆ ಮುಖ ತಿರುಗಿಸಿದರು. ಸುಕನ್ಯಳಿಗೆ ಅತ್ತೆಯ ಪಕ್ಕ ಕೂರಲೂ ಅಸಹ್ಯವಾಯಿತು. ಬೆಳಿಗ್ಗೆ ಆ ಕೋಣೆಯ ಮುಂದೆ ನಿಂತು ತಾನಾಡಿದ ಮಾತು ನೆನಪಾಗಿ, ತನ್ನ ಮೇಲೆ ಅದಕ್ಕಿಂತ ಹೆಚ್ಚು ಅಸಹ್ಯವಾಯಿತು.

"ಇನ್ನೊಂದಿದೆ ಮೇಡಂ," ಎಂದ ಇನಾಯತ್ ಉಲ್ಲಾ.

ಗೇಟಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತ ಸಾಬಮ್ಮ, ಬಿಂದಿಗೆಯಿಂದ ನೀರು ಹೊಯ್ದು, ಮಾವನ ಕಾಲು ತೊಳೆಯುತ್ತಿದ್ದಳು.